ಮೋಡ ನೋಡಿ ಗಾಳಿ ತಿಳಿ

ಮೇ ಮುಗಿದು ಜೂನ್ ಕಾಲಿಡುವ ಹೊತ್ತು. ಪಂಚಾಂಗದ ಲೆಕ್ಕದಲ್ಲಿ ರೋಹಿಣಿ ಮಳೆ. ಈ ದಿನಗಳಲ್ಲಿ ಬೆಂಗಳೂರಿನ ಆಕಾಶ ಒಂದೇ ವಾರದಲ್ಲಿ ಗುರುತು ಸಿಗದಷ್ಟು ಬದಲಾಗಿಬಿಡಬಹುದು. ವಾರದ ಆರಂಭದಲ್ಲಿ ಸಂಜೆ ಗುಡುಗು, ಸಿಡಿಲು, ಮರ ಉರುಳಿಸುವ ಗಾಳಿ. ವಾರಾಂತ್ಯಕ್ಕೆ ದಿನವಿಡೀ ಮುಚ್ಚಿದ ಮೋಡ, ಜಿಟಿಜಿಟಿ ಹನಿ. ಎರಡೂ ಮಳೆಯೇ, ಮೋಡ ಮಾತ್ರ ಬೇರೆ. ಏಕೆಂದರೆ ಮೋಡದ ಆಕಾರ ತೀರ್ಮಾನವಾಗುವುದು ಗಾಳಿ ಹೇಗೆ ಚಲಿಸುತ್ತಿದೆ ಎಂಬುದರಿಂದ.

ಈ ಆಕಾರಗಳಿಗೆ ಹೆಸರಿಟ್ಟವನು ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್. 1802ರಲ್ಲಿ ಆತ ಮುಂದಿಟ್ಟ ವಿಂಗಡಣೆಯೇ ಇಂದಿಗೂ ಆಧಾರ: ರಾಶಿ ಮೋಡ ಕ್ಯುಮುಲಸ್, ಪದರು ಮೋಡ ಸ್ಟ್ರೇಟಸ್, ಎತ್ತರದ ಹಿಮಕಣ ಮೋಡ ಸಿರಸ್, ಮಳೆ ಸುರಿಸುವುದು ನಿಂಬಸ್. ಇವುಗಳನ್ನೇ ಬೆಸೆದು, ವಿಸ್ತರಿಸಿ ವಿಶ್ವ ಹವಾಮಾನ ಸಂಸ್ಥೆ ಈಗ 10 ಮುಖ್ಯ ಬಗೆಗಳನ್ನು ಗುರುತಿಸುತ್ತದೆ.

ಸೋಮವಾರದಿಂದ ಶುರು ಮಾಡೋಣ. ಬೆಳಗ್ಗೆ ಆಕಾಶ ನಿಚ್ಚಳ. ಬಿಸಿಲೇರಿ ನೆಲ ಕಾದಂತೆ ಅಲ್ಲಲ್ಲಿ ಬಿಳಿ ಮೋಡದ ತುಂಡುಗಳು ಹುಟ್ಟುತ್ತವೆ. ಅವುಗಳ ತಳ ಗಮನಿಸಿ: ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಚಪ್ಪಟೆಯಾಗಿರುತ್ತವೆ. ಮೇಲೇರುವ ಗಾಳಿ ತಣ್ಣಗಾಗುತ್ತಾ ಹೋಗಿ, ತನ್ನಲ್ಲಿರುವ ಆವಿಯನ್ನು ಇನ್ನು ಹಿಡಿದಿಟ್ಟುಕೊಳ್ಳಲಾರೆ ಎನ್ನುವ ಮಟ್ಟವೇ ಆ ತಳ. ಆ ಎತ್ತರವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯಲ್ಲಿನ ಆವಿ ಹನಿಗಟ್ಟತೊಡಗುವ ಉಷ್ಣಾಂಶ) ಇರುವ ಅಂತರವನ್ನು 125ರಿಂದ ಗುಣಿಸಿದರೆ ಸಾಕು. ಉಷ್ಣಾಂಶ 32 ಡಿಗ್ರಿ, ಇಬ್ಬನಿ ಬಿಂದು 20 ಡಿಗ್ರಿ ಇದ್ದರೆ ಮೋಡದ ತಳ ನೆಲದಿಂದ ಸುಮಾರು 1,500 ಮೀಟರ್ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಕೆಲವು ರಾಶಿಗಳು ಹೂಕೋಸಿನಂತೆ ಉಬ್ಬಿ ಮೇಲೇಳುತ್ತವೆ. ಈಗ ನೋಡಬೇಕಾದದ್ದು ತಲೆಯನ್ನು. ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿದ್ದರೆ ಅಲ್ಲಿರುವುದು ಇನ್ನೂ ನೀರಿನ ಹನಿ. ಅಂಚು ಮಬ್ಬಾಗಿ, ಎಳೆ ಎಳೆಯಾಗಿ ಹರಡತೊಡಗಿದರೆ ಹನಿಗಳು ಹಿಮದ ಹರಳಾಗುತ್ತಿವೆ ಎಂದು ಅರ್ಥ. ಅದು ಕ್ಯುಮುಲೊನಿಂಬಸ್, ಅಂದರೆ ರಾಶಿವೃಷ್ಟಿ ಮೋಡ. ನಮ್ಮ ಅಕ್ಷಾಂಶದಲ್ಲಿ ಇದರ ನೆತ್ತಿ 15 ಕಿಲೋಮೀಟರ್ ಮುಟ್ಟುವುದುಂಟು. ಸಿಡಿಲು, ಆಲಿಕಲ್ಲು ಎರಡೂ ಇದರ ಹೊಟ್ಟೆಯಲ್ಲೇ ಹುಟ್ಟುತ್ತವೆ. ಬಿಸಿಲು ಅಷ್ಟು ದಪ್ಪ ದಾಟಿ ಕೆಳಗೆ ಬರಲಾರದ್ದರಿಂದ ತಳ ಕಪ್ಪಗೆ ಕಾಣುತ್ತದೆ. ಮಳೆಗೆ ಮುಂಚೆ ರಪ್ಪನೆ ಬೀಸುವ ತಂಗಾಳಿಯೂ ಇದರದ್ದೇ: ಬೀಳುವ ಹನಿಗಳು ಆವಿಯಾಗುತ್ತಾ ಗಾಳಿಯನ್ನು ತಣಿಸುತ್ತವೆ, ತಣಿದು ಭಾರವಾದ ಗಾಳಿ ನೆಲಕ್ಕೆ ಅಪ್ಪಳಿಸಿ ನಾಲ್ಕೂ ಕಡೆ ಹರಡುತ್ತದೆ.

ವಾರದ ನಡುವೆ ಬಿಸಿಲು ಮಂಕಾಗಿ, ಸೂರ್ಯನ ಸುತ್ತ ಉಂಗುರ ಕಾಣಿಸಬಹುದು. 2021ರ ಮೇ 24ರಂದು ಬೆಂಗಳೂರಿನ ಜನ ಮನೆಯ ತಾರಸಿಗಳಿಂದ ಫೋಟೊ ಹಿಡಿದದ್ದು ಇದನ್ನೇ. ಎತ್ತರದ ತೆಳು ಪದರು ಮೋಡ ಸಿರೋಸ್ಟ್ರೇಟಸ್‌ನ ಆರು ಮೂಲೆಯ ಹಿಮಹರಳುಗಳು ಬೆಳಕನ್ನು 22 ಡಿಗ್ರಿ ಬಾಗಿಸುವುದರಿಂದ ಈ ಉಂಗುರ. ಚಂದ್ರನ ಸುತ್ತ ಮೂಡಿದಾಗ ಕೈ ಪೂರ್ತಿ ಚಾಚಿ ಗೇಣು ಹಿಡಿದು ನೋಡಿ. ಚಂದ್ರನಿಂದ ಉಂಗುರಕ್ಕೆ ಹೆಚ್ಚುಕಡಿಮೆ ಒಂದು ಗೇಣು. ಯುರೋಪಿನಲ್ಲಿ ಇಂಥ ಉಂಗುರವನ್ನು ಮಳೆಯ ಮುನ್ಸೂಚನೆ ಎಂದು ಓದುವ ರೂಢಿಯಿದೆ. ಅಲ್ಲಿ ದೊಡ್ಡ ಮಳೆ ವ್ಯವಸ್ಥೆಯ ಮುಂದಾಳಾಗಿ ಈ ಮೋಡ ಬರುತ್ತದೆ. ನಮ್ಮಲ್ಲಿ ಹಲವು ಸಲ ಅದು ಎಲ್ಲೋ ಸುರಿದು ಮುಗಿದ ಗುಡುಗುಮಳೆಯ ಮೇಲ್ತುದಿಯ ಪಳೆಯುಳಿಕೆ. ಹಾಗಾಗಿ ಉಂಗುರ ಕಂಡ ಮಾತ್ರಕ್ಕೆ ಕೊಡೆ ಹುಡುಕಬೇಕಿಲ್ಲ.

ವಾರಾಂತ್ಯಕ್ಕೆ ಮುಂಗಾರು ಬಂತೆನ್ನಿ. ಪಡುವಣ ಗಾಳಿ ಬಿರುಸಾಗಿ, ಬೂದು ಬಣ್ಣದ ಸ್ಟ್ರಾಟೊಕ್ಯುಮುಲಸ್ ತಗ್ಗಿನಲ್ಲೇ ಓಡುತ್ತದೆ. ಇದೇ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತನ್ನ ನೀರಿನ ದೊಡ್ಡ ಪಾಲನ್ನು ಕರಾವಳಿ, ಮಲೆನಾಡಿಗೆ ಸುರಿದಿರುತ್ತದೆ. ಘಟ್ಟದ ಈಚೆಗೆ ಇಳಿಯುವಾಗ ಗಾಳಿ ಬೆಚ್ಚಗಾಗಿ ಮೋಡ ತೆಳುವಾಗುತ್ತದೆ. ಅಳಿದುಳಿದ ಮೋಡವೂ ಬಿಸಿಲನ್ನು ತಡೆಯುವುದರಿಂದ ನೆಲ ಕಾಯುವುದಿಲ್ಲ. ನೆಲ ಕಾಯದೆ ರಾಶಿ ಮೋಡ ಬೆಳೆಯುವುದಿಲ್ಲ. ಕರಾವಳಿಯಲ್ಲಿ ಮುಂಗಾರು ಅಬ್ಬರಿಸುವಾಗ ಬೆಂಗಳೂರಿನಲ್ಲಿ ಗುಡುಗೇ ಕಡಿಮೆಯಾಗುವುದು ಇದಕ್ಕೇ.

ಮುಂಗಾರು ನೆಲೆಗೊಂಡಿದೆಯೇ ಎಂದು ನೀವೇ ಪರೀಕ್ಷಿಸಬೇಕೆಂದರೆ ತಗ್ಗಿನ ಮೋಡಗಳ ನಡುವೆ ಬಿರುಕು ಕಾಣುವ ತನಕ ಕಾಯಿರಿ. ಕಂಬದ ಪಕ್ಕ ಅಲುಗಾಡದೆ ನಿಂತು, ಅದರ ತುದಿಗೆ ಹೋಲಿಸಿ ಮೋಡಗಳ ಚಲನೆ ನೋಡಿ. ಕೆಳಗಿನವು ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುತ್ತಿದ್ದರೆ, ಬಿರುಕಿನಾಚೆಯ ಸಿರಸ್ ನಿಧಾನವಾಗಿ ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತಿರಬಹುದು. ನಿಧಾನ ಎನ್ನಿಸುವುದು ದೂರದಿಂದ; ನಿಜಕ್ಕೂ ಅದು ಹತ್ತು ಕಿಲೋಮೀಟರಿಗೂ ಮೇಲೆ ಭರದಿಂದ ಹರಿಯುವ ಪೂರ್ವದ ಗಾಳಿ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ ಈ ಗಾಳಿಹೊಳೆ ಮುಂಗಾರಿನ ಮೇಲ್ಮಹಡಿ. ಕೆಳಗೊಂದು, ಮೇಲೊಂದು ದಿಕ್ಕು ಹಿಡಿದ ಮೋಡಗಳು ಒಟ್ಟಿಗೆ ಕಂಡರೆ ಮುಂಗಾರಿನ ಎರಡೂ ಅಂತಸ್ತು ನಿಮ್ಮ ತಲೆಯ ಮೇಲಿದೆ ಎಂದೇ ಲೆಕ್ಕ.