ಎಕ್ಕದ ಜೋಡಿ ಹಿಡಿದವನೇಕೆ ಸೋತ?

"ಕೈಲಿ ಎರಡು ಎಕ್ಕ ಇತ್ತು ಮಾರಾಯ್ರೆ, ಏಳು-ಎರಡು ಹಿಡ್ಕೊಂಡು ಕೂತೋನು ಎಲ್ಲಾ ಬಾಚ್ಕೊಂಡು ಹೋದ!"

ಪೋಕರ್ ಆಡುವವರು ನಾಲ್ಕು ಜನ ಸೇರಿದ ಕಡೆ ಈ ಗೋಳು ತಪ್ಪಿದ್ದಲ್ಲ. ಪುಸ್ತಕ ಓದಿ, ಲೆಕ್ಕ ಕಲಿತು, ಒಳ್ಳೆ ಎಲೆ ಬರೋವರೆಗೂ ಕಾದು ಆಡುವವನು ಒಂದು ಕಡೆ. ಬಂದ ಎಲೆಗೆಲ್ಲ ದುಡ್ಡು ಸುರಿಯುವ ಬೇಕಾಬಿಟ್ಟಿ ಆಸಾಮಿ ಇನ್ನೊಂದು ಕಡೆ. ಗೆಲ್ಲೋದು ಯಾರು?

ಜಿಲ್ಲೆಗಳ ಕಡೆ ಇಸ್ಪೀಟು ಅಂದರೆ ಮೊದಲಿನಿಂದಲೂ ರಮ್ಮಿ, ಹಬ್ಬ ಬಂದರೆ ಮೂರೆಲೆ. ಪೋಕರ್ ಬೆಂಗಳೂರಿಗೆ ತಡವಾಗಿ ಬಂದ ನೆಂಟ. ಕೌಶಲದ ಆಟವಾಗಿ ಆಡುವುದಾದರೆ ಇದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆಟ ಕಷ್ಟದ್ದೇನಲ್ಲ. ಪ್ರತಿಯೊಬ್ಬನ ಕೈಗೆ ಎರಡು ಮುಚ್ಚಿದ ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಏಳರಲ್ಲಿ ಒಳ್ಳೆಯ ಐದು ಯಾರದೋ, ದುಡ್ಡು ಅವನದು. ನಡುನಡುವೆ ಕಟ್ಟುವುದು, ಏರಿಸುವುದು, ಬೇಡವೆಂದರೆ ಎಲೆ ಕೆಳಗಿಡುವುದು.

ಇನ್ನು ಲೆಕ್ಕಕ್ಕೆ ಬನ್ನಿ. ಎಕ್ಕದ ಜೋಡಿಗಿಂತ ದೊಡ್ಡ ಆರಂಭ ಈ ಆಟದಲ್ಲಿಲ್ಲ. ಎದುರಿಗೆ ಒಬ್ಬನೇ ಇದ್ದು, ಸಿಕ್ಕಿದ ಎರಡೆಲೆ ಹಿಡಿದು ಕೊನೆವರೆಗೂ ಕೂತರೆ, ಎಕ್ಕದವನು ನೂರಕ್ಕೆ 85 ಸಲ ಗೆಲ್ತಾನೆ. ಅದೇ ಐದು ಜನ ಹಾಗೆ ಕೂತರೆ? ಸುಮಾರು 49ಕ್ಕೆ ಇಳಿಯುತ್ತೆ. ಅರ್ಧಕ್ಕರ್ಧ ಸೋಲು! ಗೋಳಾಡುವವನ ಗೋಳು ಸುಳ್ಳಲ್ಲ.

ಆದರೆ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಇನ್ನೊಂದು ಸಲ ಕೂಡಿಸಿ ನೋಡಲಿ. ಒಬ್ಬೊಬ್ಬರೂ ನೂರು ರೂಪಾಯಿ ಕಟ್ಟುತ್ತಾರೆ ಅಂತಿಟ್ಕೊಳ್ಳಿ. ಒಬ್ಬನೇ ಎದುರಾಳಿಯಾದರೆ ಮಧ್ಯದಲ್ಲಿ ಬೀಳೋದು 200. ನೂರು ಆಟದಲ್ಲಿ 85 ಗೆದ್ದರೆ ಕೈಗೆ 17,000, ಹಾಕಿದ್ದು 10,000, ಉಳಿದದ್ದು 7,000. ಐದು ಜನರಾದರೆ ಮಧ್ಯದಲ್ಲಿ 600. ಗೆದ್ದದ್ದು 49 ಸಲವೇ ಆದರೂ ಕೈಗೆ 29,400. ಹಾಕಿದ್ದು ಅದೇ ಹತ್ತು ಸಾವಿರ. ಉಳಿದದ್ದು 19,400! ಸೋತದ್ದು ಜಾಸ್ತಿ, ಲಾಭವೂ ಜಾಸ್ತಿ. ಬೇಕಾಬಿಟ್ಟಿ ಆಡುವವರು ಶಕುನಿಗಳಲ್ಲ, ಗಿರಾಕಿಗಳು. ಅವರು ಮೇಜಿಗೆ ಬಂದರೆ ಲೆಕ್ಕದವನು ಮುಖ ಸಿಂಡರಿಸಬೇಕಾಗಿಲ್ಲ.

ಒಂದು ವಿದ್ಯೆ ಮಾತ್ರ ಇವರ ಮುಂದೆ ನಡೆಯೋದಿಲ್ಲ. ಅದು ಬ್ಲಫ್. ಕೈಲಿ ಏನಿಲ್ಲದಿದ್ದರೂ ಇರುವಂತೆ ದುಡ್ಡು ಏರಿಸಿ ಎದುರಿನವನನ್ನು ಹೆದರಿಸೋದು. ಹೆದರೋಕೆ ಎದುರಿನವನು ಯೋಚನೆ ಮಾಡುವವನಾಗಿರಬೇಕಲ್ಲ? "ಏನೋ ಇದೆ, ನೋಡೇಬಿಡೋಣ" ಅನ್ನುವವನ ಹತ್ತಿರ ನಾಟಕ ಆಡಿ ಏನು ಪ್ರಯೋಜನ?

2003ರಲ್ಲಿ ಲಾಸ್ ವೆಗಾಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದಲ್ಲಿ ಇದರ ತಿರುವುಮುರುವು ನಡೆಯಿತು. 839 ಜನರಲ್ಲಿ ಕೊನೆಗೆ ಉಳಿದವರು ಇಬ್ಬರು. ಒಬ್ಬ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ (ಅದು ಅವನ ನಿಜವಾದ ಹೆಸರೇ!). ಇನ್ನೊಬ್ಬ ಪಳಗಿದ ಹುಲಿ ಸ್ಯಾಮಿ ಫರ್ಹಾ. ಒಂದು ಆಟದಲ್ಲಿ ಫರ್ಹಾ ಕೈಗೆ ಒಂಬತ್ತರ ಜೋಡಿ. ಮನಿಮೇಕರ್ ಹತ್ತಿರ ಒಂದು ಜೋಡಿಯೂ ಇಲ್ಲ, ಬರೀ ರಾಜ. ಆದರೂ ಇದ್ದಬದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದ. ಫರ್ಹಾ ಬಹಳ ಯೋಚಿಸಿದ, ಎಲೆ ಕೆಳಗಿಟ್ಟ. ಕೊನೆಗೆ 25 ಲಕ್ಷ ಡಾಲರ್ ಹೋದದ್ದು ಹೊಸಬನಿಗೆ. ಯೋಚನೆ ಮಾಡದ ಆಸಾಮಿಯಾಗಿದ್ದರೆ ಆ ಒಂಬತ್ತರ ಜೋಡಿ ಬಿಡ್ತಿರಲಿಲ್ಲ! ಆಮೇಲೆ "ನಾವೂ ಯಾಕಾಗಬಾರದು" ಅಂತ ಜನ ನುಗ್ಗಿದ್ದೇ ನುಗ್ಗಿದ್ದು. 2006ರ ಹೊತ್ತಿಗೆ ಅದೇ ಪಂದ್ಯಕ್ಕೆ 8,773 ಜನ.

ಹಾಗಾದರೆ ಲೆಕ್ಕದವನು ದಿನಾ ಗೆದ್ದು ಮನೆಗೆ ಹೋಗ್ತಾನಾ? ಇಲ್ಲ. ಗಂಟು ಇರೋದೇ ಇಲ್ಲಿ. ಎಕ್ಕದ ಜೋಡಿ ಬರೋದು 221 ಆಟಕ್ಕೊಮ್ಮೆ. ಮೇಜಿನ ಮೇಲೆ ಗಂಟೆಗೆ ಮೂವತ್ತು ಆಟ ನಡೆದರೆ ಏಳು ಗಂಟೆಗೂ ಮೇಲೆ ಕಾಯಬೇಕು. ಸಂಜೆ ಅಂಗಡಿ ಬಾಗಿಲು ಹಾಕಿ ಕೂತವನಿಗೆ ರಾತ್ರಿಗೊಂದು ಸಲ ಬಂದರೆ ಪುಣ್ಯ. ಬಂದಾಗಲೂ ಐದು ಜನ ಜೊತೆಗೆ ಕೂತರೆ ಅರ್ಧ ಸಲ ಹೊಡೆತವೇ.

ಆ ಹೊಡೆತ ತಿಂದವನು ಮಾಡೋದೇನು? ಗಂಟೆಗಟ್ಟಲೆ ಎಲೆ ಕೆಳಗಿಟ್ಟು ಕಾದಿದ್ದಾನೆ, ಏಳು-ಎರಡು ಹಿಡಿದವನು ಎದುರಿಗೇ ನಗ್ತಾ ದುಡ್ಡು ಎಣಿಸ್ತಿದ್ದಾನೆ. "ನಾನೂ ತೋರಿಸ್ತೀನಿ" ಅಂತ ಇವನೂ ಬಂದ ಎಲೆಗೆಲ್ಲ ಕಟ್ಟೋಕೆ ಶುರು. ಮೇಜಿನಲ್ಲಿ ಬೇಕಾಬಿಟ್ಟಿಗಳ ಸಂಖ್ಯೆ ಒಂದು ಹೆಚ್ಚಾಯಿತು, ಅಷ್ಟೇ. ನಾಳೆ ಮಾಲಿಗೆ ಕೊಡಬೇಕಾದ ದುಡ್ಡು ಜೇಬಿನಲ್ಲಿದ್ದರೆ ಇದು ಇನ್ನೂ ಬೇಗ ಆಗುತ್ತೆ. ಹತ್ತು ಸಾವಿರ ಆಟ ಆಡಿದ ಮೇಲೆ ಬರುವ ಲಾಭ, ಬೆಳಿಗ್ಗೆ ಹತ್ತಕ್ಕೆ ಬರುವ ಸಗಟು ವ್ಯಾಪಾರಿಗೆ ಆಗಲ್ಲ.

ಇನ್ನು ಮೇಜು ಹಾಕಿದವನ ಪಾಲು. ಗೆದ್ದ ಮೊತ್ತದಲ್ಲಿ ನೂರಕ್ಕೆ ಐದು ಅಂತಿಟ್ಕೊಂಡರೂ, ಆರುನೂರರ ಆಟಕ್ಕೆ ಮೂವತ್ತು, ಮೂವತ್ತು ಆಟಕ್ಕೆ ಒಂಬೈನೂರು. ಗಂಟೆಗೆ! ಅವನಿಗೆ ಎಕ್ಕವೂ ಬೇಡ, ಬ್ಲಫ್ಪೂ ಬೇಡ.

ಎಷ್ಟು ಆಟ ಆಡಿದರೆ ಕೌಶಲ ನಿಜವಾಗಿ ಕಾಣುತ್ತೆ? 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ಕು ಜನ ವೃತ್ತಿಪರರನ್ನು ಸೋಲಿಸಿತು. ಅದೃಷ್ಟ ಅನ್ನುವ ಮಾತು ಬರಬಾರದೆಂದು ಇಪ್ಪತ್ತು ದಿನ 1,20,000 ಆಟ ಆಡಿಸಿದರು. ಗಂಟೆಗೆ ಮೂವತ್ತರಂತೆ, ರಾತ್ರಿಗೆ ನಾಲ್ಕು ಗಂಟೆ ಕೂತರೆ, ಅದು ಸಾವಿರ ರಾತ್ರಿ. ಬೇಕಾಬಿಟ್ಟಿಗಳ ಎದುರು ಅಷ್ಟು ಬೇಕಾಗಲ್ಲ ನಿಜ, ಆದರೂ ಒಂದು ವಾರಕ್ಕೆ ಮುಗಿಯೋ ಕೆಲಸವಲ್ಲ.

ಫೋನಿನಲ್ಲಿ ಆಡುವವರಿಗೆ ಈ ತೊಂದರೆ ಕಡಿಮೆಯಿತ್ತು. ಒಟ್ಟಿಗೇ ನಾಲ್ಕಾರು ಮೇಜು ಹಾಕಿಕೊಂಡು ಒಂದೇ ಸಂಜೆ ನೂರಾರು ಆಟ ಮುಗಿಸುತ್ತಿದ್ದರು. ಬೇಕಾಬಿಟ್ಟಿಗಳು ಕಳೆದುಕೊಳ್ಳುತ್ತಿದ್ದದ್ದೂ ಅದೇ ವೇಗದಲ್ಲಿ. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ತೆಗೆದುಹಾಕಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಎಂಬ ವಾದಕ್ಕೇ ಹೋಗದೆ, ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡಿಸುವುದನ್ನು ನಿಷೇಧಿಸಿತು. ಲೆಕ್ಕ ಕಲಿತವರು ಮತ್ತೆ ಗಂಟೆಗೆ ಮೂವತ್ತು ಆಟದ ಮೇಜಿಗೇ ಬಂದು ಕೂರಬೇಕು, ಎದುರಿಗೆ ಏಳು-ಎರಡು ಹಿಡಿದವನನ್ನು ಇಟ್ಟುಕೊಂಡು.