ಸಕ್ಕರೆ ಕಾಯಿಲೆ ಇದ್ದವರಿಗೆ ಸ್ಕೂಟರ್ ಲೈಸೆನ್ಸ್ ಸಿಗುವುದಿಲ್ಲವೇ?

ಊರಿನಲ್ಲಿ ಹೆಂಗಸೊಬ್ಬಳು ಸ್ಕೂಟರ್ ಓಡಿಸಿದರೆ ಜನವೆಲ್ಲ ಜಗುಲಿಗೆ ಬಂದು ನೋಡುತ್ತಿದ್ದ ಕಾಲವೊಂದಿತ್ತು. ಈಗ ಹಾಗಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು, ಹಿಟ್ಟಿನ ಗಿರಣಿ, ಬ್ಯಾಂಕು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲವೂ ಗೃಹಿಣಿಯ ಸ್ಕೂಟರ್ ಮೇಲೆಯೇ ನಡೆಯುತ್ತದೆ. ಆದರೆ ಆ ಸ್ಕೂಟರ್ ಓಡಿಸಲು ಅಪ್ಪಣೆ ಕೊಟ್ಟ ಪುಟ್ಟ ಕಾರ್ಡನ್ನು ಪರ್ಸಿನಿಂದ ಹೊರಗೆ ತೆಗೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ನಲವತ್ತು ದಾಟುವ ಹೊತ್ತಿಗೆ ಎರಡು ಸಂಗತಿಗಳು ಜೊತೆಜೊತೆಯಾಗಿ ಬರುತ್ತವೆ. ಒಂದು, ಲೈಸೆನ್ಸಿನ ಅವಧಿ ಮುಗಿಯುವುದು. ಇನ್ನೊಂದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಮಬ್ಬು. ಆಗ ಶುರುವಾಗುತ್ತದೆ ಗಾಬರಿ. “ಡಾಕ್ಟರ ಸರ್ಟಿಫಿಕೇಟ್ ಬೇಕಂತೆ ಕಣ್ರೀ, ಶುಗರ್ ಇದೆ ಅಂದ್ರೆ ಲೈಸೆನ್ಸೇ ಕೊಡಲ್ವಂತೆ!” ಎಂದು ಒಬ್ಬರು ಹೇಳಿದರೆ ಸಾಕು, ಬೀದಿಗೆಲ್ಲ ಹಬ್ಬುತ್ತದೆ. ಕೆಲವರು ನವೀಕರಣದ ಗೋಜಿಗೇ ಹೋಗದೆ ಹಳೆಯ ಕಾರ್ಡಿನಲ್ಲೇ ಗಾಡಿ ಓಡಿಸುತ್ತಾರೆ. ಇನ್ನು ಕೆಲವರು ಕಾಯಿಲೆಯನ್ನೇ ಮುಚ್ಚಿಟ್ಟು ಸಹಿ ಹಾಕುತ್ತಾರೆ. ಎರಡೂ ತಪ್ಪು, ಎರಡೂ ಅಪಾಯ. ಹೀಗೆ ಮಾಡುವ ಅಗತ್ಯವೂ ಇಲ್ಲ.

ಮೊದಲು ತಾರೀಖು ನೋಡಿ

1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ, 30 ತುಂಬುವ ಮೊದಲು ಪಡೆದ ಲೈಸೆನ್ಸು 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರೊಳಗೆ ಪಡೆದದ್ದು ಅಥವಾ ನವೀಕರಿಸಿದ್ದು 10 ವರ್ಷ. 50ರಿಂದ 55ರೊಳಗಾದರೆ 60 ತುಂಬುವವರೆಗೆ. 55 ದಾಟಿದ ಮೇಲೆ ಪ್ರತಿ ಸಲವೂ 5 ವರ್ಷ. ಅದಕ್ಕೂ ಹಿಂದೆ ಪಡೆದ ಕಾರ್ಡುಗಳ ಲೆಕ್ಕ ಬೇರೆ. ಆದ್ದರಿಂದ ಬಾಯಿಲೆಕ್ಕ ಬೇಡ, ಕಾರ್ಡಿನ ಮೇಲೆ ಅಚ್ಚಾದ ತಾರೀಖನ್ನೇ ನಂಬಿ.

“ಮುಗಿದ ಮೇಲೂ ಒಂದು ತಿಂಗಳು ನಡೆಯುತ್ತೆ ಬಿಡಿ” ಎನ್ನುವವರಿದ್ದಾರೆ. ಮೊದಲು 30 ದಿನಗಳ ರಿಯಾಯಿತಿ ಇದ್ದದ್ದು ನಿಜ. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅವಧಿ ಮುಗಿದ ಮರುದಿನದಿಂದ ನೀವು ಲೈಸೆನ್ಸ್ ಇಲ್ಲದ ಚಾಲಕಿ.

ಇದಕ್ಕೆ ಬದಲಾಗಿ ಇನ್ನೊಂದು ಅನುಕೂಲ ಕೊಟ್ಟಿದ್ದಾರೆ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದ ಮೇಲೂ ಒಂದು ವರ್ಷದೊಳಗೆ ಹಾಕಬಹುದು, ಆದರೆ ಆ ನಡುವೆ ಗಾಡಿ ಮುಟ್ಟುವಂತಿಲ್ಲ. ಮುಗಿದು ಒಂದು ವರ್ಷ ಕಳೆಯಿತೆಂದರೆ ಹೊಸಬರಂತೆ ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಆರೋಗ್ಯ ಸರಿಯಿಲ್ಲದವರಿಗೆ ಮುಂಚಿನ ಆ ಒಂದು ವರ್ಷ ದೊಡ್ಡ ವರ. ಸಕ್ಕರೆ ಹತೋಟಿಗೆ ತರಲು, ಕಣ್ಣಿನ ಪೊರೆ ತೆಗೆಸಲು, ಹೊಸ ಕನ್ನಡಕ ಮಾಡಿಸಲು ಅಷ್ಟು ಕಾಲ ಧಾರಾಳ.

ಫಾರಂ ಕೇಳುವುದೇನು?

ನವೀಕರಣಕ್ಕೆ ಬೇಕಾದ ಕಾಗದಗಳಲ್ಲಿ ಆರೋಗ್ಯಕ್ಕೆ ಸಂಬಂಧಿಸಿದವು ಎರಡು. ಫಾರಂ 1 ನೀವೇ ಬರೆದು ಸಹಿ ಹಾಕುವ ಘೋಷಣೆ. ಫಾರಂ 1-ಎ ವೈದ್ಯರು ಕೊಡುವ ಪ್ರಮಾಣಪತ್ರ. 40 ತುಂಬಿದವರು ನವೀಕರಣಕ್ಕೆ ಹೋದಾಗ ಈ ಎರಡನೆಯದು ಬೇಕೇ ಬೇಕು.

ಇವುಗಳಲ್ಲಿ ‘ನಿಮಗೆ ಸಕ್ಕರೆ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆಯೇ ಇಲ್ಲ ಎಂದರೆ ನಂಬುತ್ತೀರಾ? ಕೇಳುವುದು ಇವನ್ನು: ಮೂರ್ಛೆರೋಗ ಇದೆಯೇ? ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು, ತಲೆ ಸುತ್ತುವುದು ಉಂಟೇ? ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ? ಕೈಕಾಲಿನ ಬಲದಲ್ಲಿ, ಚಲನೆಯಲ್ಲಿ ಊನವಿದೆಯೇ? ರಾತ್ರಿ ಕುರುಡು ಇದೆಯೇ? ಹಾರ್ನ್ ಶಬ್ದ ಕೇಳುತ್ತದೆಯೇ? ಓಡಿಸಿದರೆ ಇತರರಿಗೆ ಅಪಾಯವಾಗುವಂಥ ಬೇರೆ ಕಾಯಿಲೆ ಏನಾದರೂ ಇದೆಯೇ? ಕೆಂಪು, ಹಸಿರು ಬಣ್ಣಗಳ ವಿಚಾರವೂ ಇದೆ. 2020ರಿಂದ ಈಚೆಗೆ ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇದ್ದವರಿಗೂ ಲೈಸೆನ್ಸ್ ಕೊಡಲು ಅವಕಾಶ ಮಾಡಿದ್ದಾರೆ.

ನೋಡಿದಿರಾ? ನಡುರಸ್ತೆಯಲ್ಲಿ ಗಾಡಿ ನಿಮ್ಮ ಕೈ ಮೀರುತ್ತದೆಯೇ ಎಂಬುದಷ್ಟೇ ಕಾಯಿದೆಯ ಚಿಂತೆ. ದಿನವೂ ಮಾತ್ರೆ ನುಂಗಿ, ಪಥ್ಯ ಮಾಡಿ, ಸಕ್ಕರೆಯನ್ನು ಹತೋಟಿಯಲ್ಲಿಟ್ಟ ಗೃಹಿಣಿಗೆ ಈ ಪ್ರಶ್ನೆಗಳಲ್ಲಿ ಹೆದರುವಂಥದ್ದು ಏನೂ ಇಲ್ಲ.

ಟಿಕ್ ಹಾಕುವವರು ಯಾರು?

ಈಗ ಅರ್ಜಿಯನ್ನು ಸಾರಥಿ ಜಾಲತಾಣದಲ್ಲಿ ತುಂಬುತ್ತಾರೆ. ಮನೆಯಲ್ಲಿ ಅನುಕೂಲವಿಲ್ಲದವರು ಸೈಬರ್ ಸೆಂಟರಿಗೋ ಏಜೆಂಟರ ಬಳಿಗೋ ಹೋಗುತ್ತಾರೆ. ಅಲ್ಲಿ ನಡೆಯುವುದು ನಿಮಗೂ ಗೊತ್ತು. “ನಿಮಗ್ಯಾಕಮ್ಮ ಆ ಚಿಂತೆ? ಎಲ್ಲಾದಕ್ಕೂ ಹೇಗೆ ಬೇಕೋ ಹಾಗೆ ಹಾಕ್ತೀನಿ, ನೀವು ಸೈನ್ ಮಾಡಿ ಸಾಕು.” ಪಾಪ, ಆತ ಉಪಕಾರವೆಂದೇ ಮಾಡುತ್ತಾನೆ. ಆದರೆ ಕಾಗದದ ಕೆಳಗೆ ಇರುವುದು ಆತನ ಹೆಸರಲ್ಲ, ನಿಮ್ಮದು. ನಾಳೆ ಏನಾದರೂ ಆದರೆ ಉತ್ತರ ಹೇಳಬೇಕಾದವರೂ ನೀವೇ. ಪ್ರತಿ ಪ್ರಶ್ನೆಯನ್ನೂ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ವೈದ್ಯರ ಪ್ರಮಾಣಪತ್ರವೂ ಹಾಗೆಯೇ. ಮುಖ ನೋಡದೆ ಸೀಲು ಒತ್ತಿಸಿಕೊಡುವ ಜಾಗಗಳನ್ನು ಹುಡುಕಬೇಡಿ. ನಿಮ್ಮ ಕಾಯಿಲೆ ಬಲ್ಲ ವೈದ್ಯರ ಹತ್ತಿರ ಹೋಗಿ. ಅವರ ಸಹಿ ನಡೆಯುತ್ತದೆಯೇ ಎಂದು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಸಕ್ಕರೆ ಹೆಚ್ಚಿದ್ದಕ್ಕಿಂತ ಇಳಿದದ್ದು ಕಷ್ಟ

ಸಕ್ಕರೆ ಕಾಯಿಲೆಯವರು ಗಾಡಿಯ ಮೇಲೆ ಮುಖ್ಯವಾಗಿ ಹೆದರಬೇಕಾದದ್ದು ರಕ್ತದ ಸಕ್ಕರೆ ದಿಢೀರನೆ ಇಳಿಯುವುದಕ್ಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಹೆಚ್ಚು ಎಚ್ಚರವಾಗಿರಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ಮೈ ಬೆವರುವುದು, ಕೈ ನಡುಗುವುದು, ಎದೆ ಡವಗುಟ್ಟುವುದು, ವಿಪರೀತ ಹಸಿವು, ಕಣ್ಣು ಮಂಜಾಗುವುದು, ದಾರಿಯೇ ತೋಚದಂತಾಗುವುದು ಇದರ ಲಕ್ಷಣಗಳು. 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕಡಿಮೆಯಾಯಿತೆಂದೇ ಲೆಕ್ಕ.

ನಮ್ಮ ಮನೆಗಳಲ್ಲಿ ಇದು ಯಾವಾಗ ಆಗುತ್ತದೆ ಗೊತ್ತೇ? ಸಂಕಷ್ಟಿ, ಏಕಾದಶಿ, ಶಿವರಾತ್ರಿಯ ದಿನ. ಬೆಳಿಗ್ಗೆ ಮಾಮೂಲಿನಂತೆ ಮಾತ್ರೆ ನುಂಗಿ, ಉಪವಾಸವಿದ್ದು, ಮಡಿಯಲ್ಲಿ ನೈವೇದ್ಯ ಮಾಡಿ, ಸ್ಕೂಟರ್ ಹತ್ತಿ ದೇವಸ್ಥಾನಕ್ಕೆ ಹೊರಟರೆ ದೇವರೇ ಕಾಪಾಡಬೇಕು! ಉಪವಾಸ ಮಾಡಲೇಬೇಕೆನ್ನುವವರು ಆ ದಿನದ ಔಷಧಿ ಎಷ್ಟೆಂದು ಮೊದಲೇ ವೈದ್ಯರನ್ನು ಕೇಳಿ, ಗಾಡಿಯನ್ನು ಮನೆಯಲ್ಲೇ ಬಿಡಿ. ಎಲ್ಲರಿಗೂ ಬಡಿಸಿ ಕೊನೆಗೆ ಮೂರು ಗಂಟೆಗೆ ಊಟಕ್ಕೆ ಕೂರುವ ಹಬ್ಬದ ದಿನಗಳಿಗೂ ಇದೇ ಮಾತು.

ಗಾಡಿಯ ಮೇಲಿರುವಾಗ ಲಕ್ಷಣ ಕಂಡರೆ “ಇನ್ನೇನು ಮನೆ ಬಂತಲ್ಲ” ಎನ್ನಬೇಡಿ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ. ಮೂರು ಟೀ ಚಮಚದಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಳ್ಳಿ. 15 ನಿಮಿಷ ಕೂತು ನೋಡಿ, ಕಡಿಮೆಯಾಗದಿದ್ದರೆ ಇನ್ನೊಮ್ಮೆ ತೆಗೆದುಕೊಳ್ಳಿ. ಸುಧಾರಿಸಿದ ಮೇಲೂ ಆ ಹೊತ್ತಿಗೆ ಬೇರೆಯವರಿಂದ ಗಾಡಿ ಓಡಿಸಿಕೊಂಡು ಹೋಗುವುದೇ ಜಾಣತನ. ಗ್ಲೂಕೋಸ್ ಪೊಟ್ಟಣ ಡಿಕ್ಕಿಯಲ್ಲಿ ಬೀಗದೊಳಗೆ ಬೇಡ, ಕೈಗೆ ಸಿಗುವ ಪರ್ಸಿನಲ್ಲಿರಲಿ.

ಹೀಗೆ ಆಗಾಗ ಆಗುತ್ತಿದ್ದರೆ? ಫಾರಂ ‘ಯಾವುದೇ ಕಾರಣದಿಂದ’ ಎಂದು ಕೇಳಿರುವುದರಿಂದ ನಿಮ್ಮ ಉತ್ತರ ಸದ್ಯಕ್ಕೆ ‘ಹೌದು’ ಎಂದಾಗುತ್ತದೆ. ಅರ್ಜಿಗೆ ಅವಸರ ಮಾಡದೆ ಮೊದಲು ವೈದ್ಯರಿಗೆ ಹೇಳಿ. ಔಷಧಿಯ ಪ್ರಮಾಣ, ಊಟದ ಹೊತ್ತು ಸರಿಪಡಿಸಿದರೆ ಹೆಚ್ಚಿನವರಿಗೆ ಇದು ಹತೋಟಿಗೆ ಬರುತ್ತದೆ. ಮುಂಚಿನ ಒಂದು ವರ್ಷ ವರವೆಂದದ್ದು ಇದಕ್ಕೇ.

ಕಣ್ಣಿನ ಕಡೆಗೂ ಗಮನವಿರಲಿ

ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಣ್ಣಿನ ಒಳಪರದೆಯನ್ನು ಕೆಡಿಸುತ್ತದೆ. ನೋವಿರುವುದಿಲ್ಲ, ಆದ್ದರಿಂದ ತಿಳಿಯುವುದೂ ಇಲ್ಲ. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಒಳಗಿನವರೆಗೆ ಪರೀಕ್ಷೆ ಮಾಡಿಸಿ. ಹನಿ ಹಾಕಿಸಿದ ದಿನ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಸ್ಕೂಟರಿನಲ್ಲಿ ಒಬ್ಬರೇ ಹೋಗಬೇಡಿ. ಎದುರಿನ ಲಾರಿಯ ದೀಪಕ್ಕೆ ಕಣ್ಣು ಕುಕ್ಕುತ್ತಿದ್ದರೆ ಪೊರೆ ಬಂದಿರಬಹುದು, ತೋರಿಸಿಕೊಳ್ಳಿ. ಎರಡು ಮನೆ ಆಚೆ ನಿಂತ ಕಾರಿನ ನಂಬರನ್ನು ಜಗುಲಿಯಿಂದಲೇ ಓದಲು ಪ್ರಯತ್ನಿಸಿ, ನಿಮ್ಮ ಪರೀಕ್ಷೆ ನೀವೇ ಮಾಡಿಕೊಂಡಂತಾಯಿತು.

ಮೂರ್ಛೆರೋಗದ ಮಾತು

ಇದನ್ನು ಮುಚ್ಚಿಡದೆ ಹೇಳಬೇಕು. ಕೆಲವು ದೇಶಗಳಲ್ಲಿ ಇಷ್ಟು ಕಾಲ ಫಿಟ್ಸ್ ಬಾರದಿದ್ದರೆ ಕಾರು ಓಡಿಸಬಹುದೆಂಬ ನಿಯಮವಿದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ. ನಮ್ಮ ಫಾರಂನಲ್ಲಿ ಅಂಥ ಗಡುವಿಲ್ಲ, ಮೂರ್ಛೆರೋಗ ಇದೆಯೇ ಇಲ್ಲವೇ ಎಂದಷ್ಟೇ ಕೇಳುತ್ತಾರೆ. ಚಿಕಿತ್ಸೆಯಿಂದ ಪೂರ್ತಿ ನೆಮ್ಮದಿಯಾಗಿರುವವರಿಗೆ ಇದು ಕಠಿಣವೆನಿಸಿದರೆ ಆಶ್ಚರ್ಯವಿಲ್ಲ. ಆದರೂ ಸುಳ್ಳು ಬರೆದು ದಾರಿ ಹುಡುಕಬೇಡಿ. ಹಿಂದಿನ ಸೀಟಿನಲ್ಲಿ ಕೂತಿರುವುದು ನಿಮ್ಮ ಮಗುವೇ ಅಲ್ಲವೇ? ಲೈಸೆನ್ಸ್ ಬೇಡದ ಸಣ್ಣ ಬ್ಯಾಟರಿ ಸ್ಕೂಟರ್ ಕೊಳ್ಳುತ್ತೇನೆನ್ನುವವರೂ ಯೋಚಿಸಬೇಕು. ಕಾಯಿದೆ ಬಿಟ್ಟರೂ ರಸ್ತೆ ಬಿಡುವುದಿಲ್ಲ.

‘ಆಗುವುದಿಲ್ಲ’ ಎಂದರೆ ಏನು ಮಾಡಬೇಕು?

ಕಚೇರಿಯ ಕಿಟಕಿಯಲ್ಲಿ ಯಾರೋ “ಆಗಲ್ಲಮ್ಮ, ಹೋಗಿ” ಎಂದ ಮಾತ್ರಕ್ಕೆ ಕಣ್ಣೊರೆಸಿಕೊಂಡು ಮನೆಗೆ ಬರಬೇಡಿ. ನವೀಕರಣ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು ಕಾಯಿದೆಯ 17ನೆಯ ಕಲಂ ಹೇಳುತ್ತದೆ. ಆ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಹೋಗುವುದು ಹೇಗೆ? ಅದಕ್ಕೇ ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ, “ಬರೆದುಕೊಡಿ ಸ್ವಾಮಿ” ಎಂದು ಕೇಳಿ. ಕೈಕಾಲಿನಲ್ಲಿ ಊನವಿರುವವರಿಗೆ, ಅವರ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಿದ ವಾಹನಕ್ಕೆ ಸೀಮಿತವಾಗಿ ಲೈಸೆನ್ಸ್ ಕೊಡಲು ಕಾಯಿದೆಯಲ್ಲೇ ಅವಕಾಶವಿದೆ.

ಮನೆಯ ಯಜಮಾನರಿಗೂ ಈ ವಿಷಯ ಗೊತ್ತಿರಲಿ. ಅವಧಿ ಮುಗಿದ ಲೈಸೆನ್ಸಿನಲ್ಲಿ ಓಡಿಸುವಾಗ ಯಾರಿಗಾದರೂ ಪೆಟ್ಟಾದರೆ, ವಿಮಾ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟು ಆ ಹಣವನ್ನು ವಾಹನದ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಸ್ಕೂಟರ್ ಯಾರ ಹೆಸರಿನಲ್ಲಿದೆಯೋ ಅವರ ಉಳಿತಾಯಕ್ಕೇ ಕತ್ತರಿ. ಮಗಳ ಮದುವೆಗೆಂದು ಕೂಡಿಟ್ಟ ಹಣ ಹೀಗೆ ಹೋಗಬೇಕೇ?

ವೈದ್ಯರೇ “ಇನ್ನು ಓಡಿಸಬೇಡಿ” ಎಂದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಕಾಯಿಲೆ ಬಂದದ್ದು ನಿಮ್ಮ ತಪ್ಪಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಬಸ್ಸಿಲ್ಲದ ಕಡೆ ಮಗನೋ ಸೊಸೆಯೋ ವಾರದಲ್ಲಿ ಎರಡು ದಿನ ಕರೆದೊಯ್ಯುವ ಏರ್ಪಾಟು ಮಾಡಿಕೊಳ್ಳಬಹುದು. ಮನೆಯವರೂ “ಅವಳಿಗೆ ಎಲ್ಲಿಗೆ ಹೋಗೋದಿದೆ?” ಎನ್ನದೆ ಇದನ್ನು ತಮ್ಮ ಹೊಣೆಯೆಂದು ಭಾವಿಸಬೇಕು.

ಅರ್ಜಿಗೆ ಮೊದಲು ನೆನಪಿಡಿ

• ಕಾರ್ಡಿನ ತಾರೀಖು ನೋಡಿ, ಆರೇಳು ತಿಂಗಳಾದರೂ ಮೊದಲೇ ಕೆಲಸ ಶುರು ಮಾಡಿ.
• ಇತ್ತೀಚಿನ ರಕ್ತಪರೀಕ್ಷೆ, ಕಣ್ಣಿನ ವೈದ್ಯರ ಚೀಟಿ, ಈಗಿನ ಔಷಧಿಗಳ ಪಟ್ಟಿಯನ್ನು ಒಂದೇ ಕವರಿನಲ್ಲಿಡಿ.
• ತಲೆ ಸುತ್ತು, ನಿದ್ದೆ ತರುವ ಮಾತ್ರೆಗಳು ಯಾವುವೆಂದು ವೈದ್ಯರಿಂದ ಗುರುತು ಹಾಕಿಸಿಕೊಳ್ಳಿ.
• ಫಾರಂ 1-ಎ ಬರೆಸಲು ಹೋಗುವಾಗ ಕನ್ನಡಕ ಮರೆಯಬೇಡಿ.
• ತುಂಬಿದ ಅರ್ಜಿಯ ಮತ್ತು ರಸೀದಿಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.

ಇವತ್ತು ರಾತ್ರಿ ಪಾತ್ರೆ ತೊಳೆದಾದ ಮೇಲೆ ಐದು ನಿಮಿಷ ಬಿಡುವು ಮಾಡಿಕೊಂಡು ಪರ್ಸಿನಿಂದ ಕಾರ್ಡು ತೆಗೆದು ನೋಡಿ. ಕೈಯಲ್ಲಿ ಕನ್ನಡಕ ಇರುವಾಗಲೇ ಯಜಮಾನರ ಕಾರ್ಡನ್ನೂ ಒಮ್ಮೆ ನೋಡಿಬಿಡಿ. ಅವರದ್ದು ಮುಗಿದು ಎಷ್ಟು ದಿನವಾಗಿದೆಯೋ ಯಾರಿಗೆ ಗೊತ್ತು!