ಮಳೆಗಾಲದ ಮನೆಯಲ್ಲಿ ತೇವ

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಗೋಡೆಗೆ ಬೂಷ್ಟು, ಪುಸ್ತಕಕ್ಕೆ ಮುಗ್ಗಲು ವಾಸನೆ ಹತ್ತುವುದನ್ನು ಶ್ರೋತೃಗಳು ಬಲ್ಲರು. ತೇವವೆಲ್ಲವೂ ಹೊರಗಿನದೆಂದು ಬಗೆದು ಹಗಲಿರುಳೂ ಕಿಟಕಿಗಳನ್ನು ಮುಚ್ಚುವುದು ವಾಡಿಕೆ. ಇದು ಸರಿಯೆ?

ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಅಡಗಬಲ್ಲುದು. ಒಂದು ಘನಮೀಟರ್ ಗಾಳಿ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 17 ಗ್ರಾಂ, 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ಆವಿಯನ್ನು ಹಿಡಿಯುವುದು. ಆದುದರಿಂದ ಹೊರಗಿನ ತಂಪಾದ ಗಾಳಿ ಆವಿಯಿಂದ ತುಂಬಿದ್ದರೂ, ಬೆಚ್ಚನೆಯ ಕೋಣೆಯನ್ನು ಹೊಕ್ಕಾಗ ಅದರ ಆರ್ದ್ರತೆ ಶೇಕಡ 75ರಷ್ಟಕ್ಕೆ ಇಳಿಯುವುದು. ಮುಚ್ಚಿದ ಮನೆಯಲ್ಲಾದರೋ ಅಡಿಗೆಯ ಹಬೆ, ಬಚ್ಚಲಿನ ಆವಿ, ಒದ್ದೆ ಬಟ್ಟೆಯ ನೀರು, ನಮ್ಮ ಉಸಿರು ಇವೆಲ್ಲವೂ ಸೇರಿ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವುವು.

ಆರ್ದ್ರತೆ ಶೇಕಡ 40ರಿಂದ 60ರವರೆಗಿದ್ದರೆ ಹಿತಕರ. ಅದು ಬಹಳವಾಗಿ ಮೀರಿದರೆ ಬೂಷ್ಟೂ ಹಾಸಿಗೆಯ ಧೂಳಿನ ನುಸಿಯೂ ಹೆಚ್ಚಿ, ಉಬ್ಬಸವುಳ್ಳವರನ್ನು ಪೀಡಿಸುವುವು. ಮಳೆಗಾಲದಲ್ಲಿ ಈ ಮಿತಿ ದೊರೆಯದಿದ್ದರೂ ತೇವವನ್ನು ತಗ್ಗಿಸಬಹುದು. ಎರಚಲು ನಿಂತಾಗ ಎದುರುಬದುರಿನ ಕಿಟಕಿಗಳನ್ನು ತುಸು ಹೊತ್ತು ತೆರೆಯಿರಿ. ಅಡಿಗೆಮನೆಯ ಆವಿಗೆ ಹೊರದಾರಿ ಮಾಡಿರಿ. ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿರಿ. ಕರಾವಳಿಯಲ್ಲಿ ಹೊರಗಿನ ಗಾಳಿಯೂ ಒಳಗಿನಷ್ಟೇ ಬೆಚ್ಚಗಿರುವುದುಂಟು. ಅಲ್ಲಿ ಕಿಟಕಿಯಿಂದ ಇಷ್ಟು ಪ್ರಯೋಜನವಿಲ್ಲ, ಬೀಸಣಿಗೆಯ ಗಾಳಿ ಮೈಗೆ ಹಿತ ನೀಡುವುದು.

ಒಂದು ಮಾತನ್ನು ಮಾತ್ರ ಮರೆಯಲಾಗದು. ಬಟ್ಟೆ ಒಣಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಎಂದಿಗೂ ಇಡಬೇಡಿರಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಒದ್ದೆ ಬಟ್ಟೆ ಇನ್ನೊಂದು ದಿನ ಕಾಯಲಿ.